ಕಮಲಾಪುರದ ಗಿರಣಿಗೆ ಒಂದು ಚೀಲ ಜೋಳ

ಲಾಕ್‌ಡೌನಿನ ನಾಲ್ಕನೆಯ ವಾರ ಒಂದು ಬೆಳಿಗ್ಗೆ ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಓಣಿಯಿಂದ ತರಕಾರಿ ಟೆಂಪೊ ಹತ್ತಿ ಹೊರಟೆ. ಕಾಲ ಬುಡದಲ್ಲಿ ಜೋಳದ ಚೀಲ, ಮುಖಕ್ಕೆ ಹಳೆಯ ಕುಪ್ಪಸದ ಬಟ್ಟೆಯಲ್ಲಿ ಹೊಲಿದ ಮಾಸ್ಕು. ನಮ್ಮ ಕಡೆಯ ಗಿರಣಿಗಳು ಮುಚ್ಚಿ ಬಹಳ ದಿನವಾಗಿತ್ತು. ಪ್ಯಾಕೆಟ್ ಹಿಟ್ಟಿಗೆ ಜಿಗಿ ಇಲ್ಲ. ತಟ್ಟಲು ಹೋದರೆ ರೊಟ್ಟಿ ಅಂಚಿನಿಂದಲೇ ಹರಿಯುತ್ತಿತ್ತು. ಚಳಿಗಾಲದ ಕಾಯಿಲೆಯಿಂದ ಎದ್ದಿದ್ದ ಯಜಮಾನರಿಗೆ ಅನ್ನ ಸೇರದು. ದಿನವೂ ಅರ್ಧ ತಟ್ಟೆ ಬಿಟ್ಟು ಏಳುತ್ತಿದ್ದರು. ಮೈಮೇಲೆ ಜೋತುಬೀಳುತ್ತಿದ್ದ ಅವರ ಅಂಗಿ ನೋಡಿದರೆ ನನಗೆ ಕೊರೊನಾಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು.

ಟೆಂಪೊ ಮೆಹಬೂಬನದು. ಕಮಲಾಪುರದಿಂದ ತರಕಾರಿ, ಕೆಂಪು ಬಾಳೆಹಣ್ಣು ತಂದು ಮಾರುವವನು. "ಚೀಲ ಕೊಡ್ರಿ ಅಮ್ಮಾ, ನಾನೇ ಬೀಸಿಸಿಕೊಂಡು ಬರ್ತೀನಿ. ನಿಮಗ್ಯಾಕ ತಕ್ಲೀಫ್?" ಎಂದಿದ್ದ. ನಾನು ಕೇಳಲಿಲ್ಲ. ಹಿಟ್ಟು ನುಣ್ಣಗಾಯಿತೇ ಎಂದು ಬೆರಳಲ್ಲಿ ತಿಕ್ಕಿ ನೋಡುವವರು ಬೇಕಲ್ಲ. ಮೇಲಾಗಿ, ಲೋಕ ಹೇಗಿದೆ ಎಂದು ನೋಡುವ ಚಪಲ. ಒಂದು ಚೀಲ ಹಿಟ್ಟಿಗೆ ಹೋಗಿ ಬರಲು ಎಪ್ಪತ್ತು ಕಿಲೋಮೀಟರ್, ಮೂಗಿಗಿಂತ ಮೂಗುತಿ ಭಾರ ಎಂದು ಯಜಮಾನರು ಗೊಣಗಿದರು. ಮೆಹಬೂಬ ಒತ್ತಾಯಕ್ಕೆ ಐವತ್ತು ರೂಪಾಯಿ ತೆಗೆದುಕೊಂಡು, ನೋಟಿಗೂ ಸ್ಯಾನಿಟೈಸರ್ ಹೊಡೆದ.

ಊರ ಹೊರಗೆ ಪೊಲೀಸರು ತಡೆದರು. "ಅರವತ್ತೈದು ದಾಟಿದವರು ಹೊರಗ ಬರಬಾರದ್ರೀ. ನಿಮಗೆಷ್ಟು?"

"ರೇಷನ್ ಕಾರ್ಡಿನಾಗ ಅರವತ್ತೆರಡು," ಎಂದೆ. ಅದು ಸುಳ್ಳಲ್ಲ, ಕಾರ್ಡು ಬರೆದವನ ತಪ್ಪು ಏಳು ವರ್ಷದ್ದು. ಪೇದೆ ನಕ್ಕು ಕೈ ಬೀಸಿದ.

ರಸ್ತೆ ಖಾಲಿಯಿತ್ತು. ಮಹಾಗಾಂವ ಕ್ರಾಸಿನಲ್ಲಿ ಸದಾ ಗಿಜಿಗುಡುವ ಚಹಾದಂಗಡಿಗಳ ಮುಂದೆ ನಾಯಿಗಳು ಮಲಗಿದ್ದವು. ಆಚೆ ಹೊಲಗಳಲ್ಲಿ ತೊಗರಿ ಕಟ್ಟಿಗೆಯ ಬಣವೆಗಳು, ಬಿರುಕು ಬಿಟ್ಟ ಕರಿ ಮಣ್ಣು. ಒಂಬತ್ತಕ್ಕೇ ಬಿಸಿಲು ಚುರುಕಾಗಿತ್ತು.

ಕಮಲಾಪುರದ ಗಿರಣಿಯ ಮುಂದೆ ಸುಣ್ಣದ ವೃತ್ತಗಳನ್ನು ಬರೆದಿದ್ದರು. ವೃತ್ತಗಳಲ್ಲಿ ಚೀಲಗಳು ನಿಂತಿದ್ದವು. ಹೆಂಗಸರು ಬೇವಿನ ನೆರಳಲ್ಲಿ ಗುಂಪಾಗಿ ಕೂತಿದ್ದರು. ನನಗೆ ನಗು ಬಂತು.

"ಯಾವೂರ್ರೀ?" ಗಿರಣಿಯವನು ಕೇಳಿದ.

"ಕಲಬುರಗಿ."

ದೇಶದ ಮೊದಲ ಕೊರೊನಾ ಸಾವು ಕಂಡ ಊರು. ಹೆಂಗಸರು ಒಬ್ಬೊಬ್ಬರೇ ಸೆರಗನ್ನು ಮೂಗಿಗೆ ಎಳೆದುಕೊಂಡರು. ಗಿರಣಿಯಲ್ಲಿ ಒಬ್ಬರ ಹಿಟ್ಟು ಒಂದು ಹಿಡಿಯಾದರೂ ಉಳಿದು, ನಂತರದವರ ಡಬ್ಬಿಗೆ ಬೀಳುವುದು ಎಲ್ಲರಿಗೂ ಗೊತ್ತು.

"ನಿಮ್ಮ ಹಿಂದ ತಮ್ಮ ಜ್ವಾಳ ಹಾಕಸಾಕ ಯಾರೂ ಒಲ್ಲರು. ಸಂಜಿಕ ಎಲ್ಲಾರ್ದೂ ಮುಗಿದ ಮ್ಯಾಲ ಹಾಕ್ತೀನಿ," ಎಂದ ಅವನು.

ಮೆಹಬೂಬನ ಟೆಂಪೊ ಹನ್ನೊಂದಕ್ಕೆ ಮರಳುವುದಿತ್ತು. ಆ ಹೆಂಗಸರ ಜಾಗದಲ್ಲಿ ನಾನಿದ್ದರೂ ಹಿಂದೆ ಸರಿಯುತ್ತಿದ್ದೆ. ಆದರೂ ಬೀಸದ ಜೋಳ ಹೊತ್ತು ಮನೆಗೆ ಹೋಗಿ ಯಜಮಾನರಿಗೆ ಏನು ಬಡಿಸಲಿ?

ಆಗ ಕೊನೆಯ ವೃತ್ತದ ಮುದುಕಿ, ಕಾಶೀಬಾಯಿ ಅಂತ ಹೆಸರು, ಮೊಣಕಾಲು ಹಿಡಿದು ಎದ್ದಳು. "ತಮ್ಮಾ, ಅಕಿದು ಹಾಕು. ಅಕಿ ಹಿಂದ ನನ್ನ ಜ್ವಾಳ ಹಾಕು."

"ಆಯಿ, ವಯಸ್ಸಾಗ್ಯದ ನಿಮಗ. ಹೆಚ್ಚುಕಡಿಮಿ ಆದ್ರ?"

"ಎಲ್ಲಾರೂ ಹಿಂದ ಸರದ್ರ ನನ್ನ ಪಾಳಿ ಮುಂದ ಬರ್ತದೋ ಇಲ್ಲೋ? ಬಿಸಿಲು ಏರಾಕತ್ತದ."

ಹೆಂಗಸರು ಸೆರಗಿನೊಳಗೇ ನಕ್ಕರು. ಗಿರಣಿ ಶುರುವಾಯಿತು. ಬಿಸಿ ಹಿಟ್ಟನ್ನು ನಾನು ಬೆರಳಲ್ಲಿ ತಿಕ್ಕಿ ನೋಡುತ್ತಿದ್ದಾಗ ಅವಳು ದೂರದಿಂದಲೇ ಕೇಳಿದಳು, "ಯಾರ ಸಲುವಾಗಿ ಇಷ್ಟು ದೂರ ಬಂದಿ?"

"ಗಂಡನ ಸಲುವಾಗಿ. ಅನ್ನ ಒಲ್ಲರು, ಸೊರಗ್ಯಾರ."

ಅವಳು ತನ್ನ ಚೀಲ ಮುಂದೆ ಸರಿಸಿದಳು.

ಮಧ್ಯಾಹ್ನ ಮನೆ ಸೇರಿ, ಮಿಂದು, ಹಿಟ್ಟು ನಾದಿದೆ. ರೊಟ್ಟಿ ಹರಿಯಲಿಲ್ಲ, ಹೆಂಚಿನ ಮೇಲೆ ಉಬ್ಬಿತು. ಯಜಮಾನರು ಎರಡು ತಿಂದು ಮತ್ತೊಂದಕ್ಕೆ ತಟ್ಟೆ ಚಾಚಿದಾಗ ನನಗೆ ಅಳುವೇ ಬಂತು. ಗಿರಣಿಯ ಕಥೆ ಹೇಳಿದೆ. ಅವರು ಕೈಯಲ್ಲಿನ ತುತ್ತು ಹಿಡಿದು ಕೂತರು. "ನಮ್ಮಿಂದ ಆ ಮುದುಕಿಗೆ ಏನರೆ ಆದ್ರ?" ಎಂದರು. ಹಿಟ್ಟು ಸಿಕ್ಕ ಸಂತೋಷದಲ್ಲಿ ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಮರುದಿನದಿಂದ ತರಕಾರಿ ಕೊಳ್ಳುವ ಮೊದಲು ಮೆಹಬೂಬನನ್ನು ಕೇಳತೊಡಗಿದೆ, "ಕಾಶೀಬಾಯಿ ಆರಾಮ ಅದಾಳೇನು?" "ಆರಾಮ ಅದಾಳ್ರೀ" ಎನ್ನುತ್ತಿದ್ದ. ಆಮೇಲೆಯೇ ನನ್ನ ಕೈ ಬದನೆಕಾಯಿಗೆ ಹೋಗುತ್ತಿತ್ತು. ಹೀಗೆ ಎರಡು ವಾರ ಕಳೆದವು. ಒಂದು ಬೆಳಿಗ್ಗೆ ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ:

"ಇವತ್ತು ಅಕಿನೇ ಟೆಂಪೊ ತಡದು ನಿಂದ್ರಿಸಿದ್ಲು ಅಮ್ಮಾ. ಕಲಬುರಗಿಯಾಕಿ ಗಂಡ ಈಗರೆ ಉಣ್ಣಾಕತ್ತಾನೇನು, ಕೇಳಿಕೊಂಡು ಬಾ ಅಂದಾಳ."