ಶ್ರೀ ಇಲ್ಲದ ಉತ್ತರ ಪತ್ರಿಕೆ

ಬಿಳಿ ಹಾಳೆ ಕಂಡರೆ ನನ್ನ ಕೈ ಮೊದಲು ಬರೆಯುವುದು ‘ಶ್ರೀ’. ಬಸವನಗುಡಿಯ ನಮ್ಮ ಮನೆಯಲ್ಲಿ ದಿನಸಿ ಪಟ್ಟಿಗೂ ಶ್ರೀ, ಹಾಲಿನವನಿಗೆ ಬರೆದಿಡುವ ಚೀಟಿಗೂ ಶ್ರೀ. ಹೀಗಿರುವಾಗ ಚಾಮರಾಜಪೇಟೆಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ ಆದ ಮೇಲೆ ಬೋರ್ಡನ್ನು ಬಿಟ್ಟೇನೇ? ದಿನಾ ಬೆಳಿಗ್ಗೆ ಬೋರ್ಡಿನ ನೆತ್ತಿಯ ಮೇಲೆ ಶ್ರೀ ಬರೆದೇ ಪಾಠ. ಮಕ್ಕಳೂ ಅದನ್ನೇ ಕಲಿತರು. ಕಿರುಪರೀಕ್ಷೆಯಲ್ಲಿ ಶ್ರೀ ಇಲ್ಲದ ಹಾಳೆ ಬಂದರೆ "ಇದ್ಯಾರದಪ್ಪಾ ತಲೆ ಇಲ್ಲದ ಪೇಪರ್ರು?" ಎಂದು ರೇಗಿಸುತ್ತಿದ್ದೆ. ಕೆಲವರು ಅದರ ಜಾಗದಲ್ಲಿ 786 ಎಂದು ಬರೆಯುತ್ತಿದ್ದರು, ಒಬ್ಬಿಬ್ಬರು ಪುಟ್ಟ ಶಿಲುಬೆ ಹಾಕುತ್ತಿದ್ದರು. ಅದಕ್ಕೂ ತಲೆಯಾಡಿಸುತ್ತಿದ್ದೆ. ನನ್ನದು ದೊಡ್ಡ ಮನಸ್ಸು ಎಂದು ನನಗೇ ಹೆಮ್ಮೆ.

ಮೂರು ವರ್ಷದ ಹಿಂದೆ, ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅಂದುಬಿಟ್ಟರು: "ಬೇಜಾರ್ ಮಾಡ್ಕೋಬೇಡಿ ಮೇಡಂ. ನಿಮ್ ಬೋರ್ಡಲ್ಲಿ ಮೇಲ್ಗಡೆ ಶ್ರೀ, ಕೆಳಗಡೆ ಭಾರತ ಜಾತ್ಯತೀತ ರಾಷ್ಟ್ರ ಅಂತ ಇತ್ತು. ಮಕ್ಕಳು ಯಾವುದನ್ನ ಓದ್ಕೋಬೇಕು?" ಎಲ್ಲರೂ ನಕ್ಕರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಆ ನಗು ಕೇಳಿ ಅದು ಇನ್ನೂ ಹೆಚ್ಚಾಯಿತು.

ಆ ಕೋಪವನ್ನು ನಾನು ಇಳಿಸಿದ್ದು ಮಕ್ಕಳ ತಲೆಯ ಮೇಲೆ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಕೊಡುವ ದಿನ ತಪ್ಪದೆ ಒಂದು ಮಾತು ಹೇಳುತ್ತಿದ್ದೆ: ಶಾಲೆಯ ಅಭ್ಯಾಸ ಶಾಲೆಗೆ ಸರಿ, ದೊಡ್ಡ ಪರೀಕ್ಷೆಯ ಉತ್ತರ ಪತ್ರಿಕೆಯ ಮೇಲೆ ದೇವರ ಹೆಸರು, ಗುರುತು ಏನೂ ಬೇಡ. ತಿದ್ದುವವರಿಗೆ ಮಾಡಿದ ಸನ್ನೆ ಎಂದು ಪತ್ರಿಕೆಯನ್ನೇ ಪಕ್ಕಕ್ಕಿಟ್ಟುಬಿಡಬಹುದು. ಆ ವರ್ಷ ಅದನ್ನು ಹೇಳುವ ಬದಲು ಭಾಷಣ ಬಿಗಿದೆ. "ಯಾರೇನೇ ಅಂದ್ರೂ ಶ್ರೀ ಬರೆಯೋದನ್ನ ಮಾತ್ರ ಬಿಡಬೇಡಿ!"

ಮೊದಲ ಬೆಂಚಿನ ಹುಡುಗಿ ಜೋರಾಗಿ ತಲೆಯಾಡಿಸಿದಳು. ಅವಳ ತಾಯಿ ನಮ್ಮ ಶಾಲೆಯ ಹಿಂದಿನ ಬೀದಿಯಲ್ಲಿ ತಳ್ಳುಗಾಡಿಯಲ್ಲಿ ತರಕಾರಿ ಮಾರುವವರು. ಪಾಸಾದರೆ ಕಾಲೇಜು, ಇಲ್ಲದಿದ್ದರೆ ತನ್ನ ಜೊತೆ ಗಾಡಿ ಎಂದು ಮಗಳಿಗೆ ಮೊದಲೇ ಹೇಳಿಟ್ಟಿದ್ದರು. ಆ ಹುಡುಗಿಗೆ ನಾನು ಆಡಿದ್ದೆಲ್ಲ ವೇದವಾಕ್ಯ.

ಮೊದಲ ದಿನ ಕನ್ನಡ ಪರೀಕ್ಷೆ. ನಮ್ಮ ಮಕ್ಕಳು ಬರೆಯುತ್ತಿದ್ದದ್ದು ವಿಶ್ವೇಶ್ವರಪುರಂನ ಪರೀಕ್ಷಾ ಕೇಂದ್ರದಲ್ಲಿ. ನನಗೆ ಕೊಠಡಿ ಕಾಯುವ ಡ್ಯೂಟಿ ಬಿದ್ದದ್ದು ಕುಮಾರ ಪಾರ್ಕಿನ ಕಡೆಯ ಒಂದು ಶಾಲೆಯಲ್ಲಿ. ಮೊಬೈಲನ್ನು ಆಫೀಸಿನಲ್ಲಿ ಒಪ್ಪಿಸಿ, ಕೊಠಡಿಗೆ ಬಂದು ಸೂಚನೆಗಳನ್ನು ಗಟ್ಟಿಯಾಗಿ ಓದತೊಡಗಿದೆ. "ಉತ್ತರ ಪತ್ರಿಕೆಯಲ್ಲಿ ದೇವರ ಹೆಸರನ್ನಾಗಲಿ, ಧಾರ್ಮಿಕ ಚಿಹ್ನೆಯನ್ನಾಗಲಿ..." ಅಲ್ಲಿಗೆ ಥಟ್ಟನೆ ನೆನಪಾಯಿತು. ಈ ಮಾತನ್ನು ನನ್ನ ಮಕ್ಕಳಿಗೆ ಹೇಳಲೇ ಇಲ್ಲವಲ್ಲ! ಹೇಳಿದ್ದು ಅದರ ತದ್ವಿರುದ್ಧ.

ಹೊರಗೆ ಹೋಗುವಂತಿಲ್ಲ, ಫೋನ್ ಮಾಡುವಂತಿಲ್ಲ. ಅಲ್ಲಿಯೂ ಸೂಚನೆ ಓದುತ್ತಾರೆ, ನಿಜ. ಗಾಬರಿಯಲ್ಲಿ ಎಷ್ಟು ಮಕ್ಕಳು ಅದನ್ನು ಕಿವಿಗೆ ಹಾಕಿಕೊಳ್ಳುತ್ತಾರೆ? ಹಾಕಿಕೊಂಡರೂ ಆ ಹುಡುಗಿ ನನ್ನ ಮಾತನ್ನು ಮೀರುತ್ತಾಳೆಯೇ? ಮೂರು ಗಂಟೆಗೂ ಹೆಚ್ಚು ಹೊತ್ತು ಬೆಂಚುಗಳ ನಡುವೆ ಸುತ್ತಿದೆ. ದೇವರೇ, ಅವಳ ಪೇಪರಿನ ಮೇಲೆ ನಿನ್ನ ಹೆಸರು ಇಲ್ಲದಿರಲಿ ಎಂದು ದೇವರನ್ನೇ ಬೇಡಿಕೊಂಡೆ. ಇಂಥ ಬೇಡಿಕೆ ಅವನಿಗೂ ಹೊಸದೇ ಇರಬೇಕು.

ಪರೀಕ್ಷೆ ಮುಗಿದು ಕಟ್ಟುಗಳನ್ನು ಒಪ್ಪಿಸಿದವಳೇ ಆಟೋ ಹಿಡಿದು ನೇರ ತರಕಾರಿ ಗಾಡಿಯ ಹತ್ತಿರ ಹೋದೆ. ಹುಡುಗಿ ತಾಯಿಯ ಪಕ್ಕ ಕೂತು ಬೀನ್ಸ್ ಆರಿಸುತ್ತಿದ್ದಳು. ನನ್ನನ್ನು ಕಂಡದ್ದೇ ಎದ್ದು ನಿಂತು ತಲೆ ತಗ್ಗಿಸಿದಳು.

"ಸಾರಿ ಮೇಡಂ, ಬೈಬೇಡಿ. ನಾನು ಶ್ರೀ ಬರೀಲಿಲ್ಲ."

"ನಿಮ್ ಮಾತು ಮೀರ್ಬಿಟ್ಟೆ ಅಂತ ಬಂದಾಗಿಂದ ಊಟನೂ ಮಾಡಿಲ್ಲ ನೋಡಿ ಮೇಡಂ," ಎಂದರು ತಾಯಿ.

ನಾನು ಬೀದಿ ಎಂಬುದನ್ನೂ ಮರೆತು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. "ನೀನಲ್ಲ ಕಣೆ, ತಪ್ಪು ಮಾಡಿದ್ದು ನಾನು," ಎಂದೆ. ಆಮೇಲೆ ಅವಳು ನಡೆದದ್ದನ್ನು ಹೇಳಿದಳು. ಅವಳ ಕೊಠಡಿಯಲ್ಲಿ ಇದ್ದವರು ಬುರ್ಖಾ ಹಾಕಿದ್ದ ಒಬ್ಬ ಮೇಡಂ, ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಅವರು ಸೂಚನೆ ಓದುವಾಗ ಈ ಪುಣ್ಯಾತ್ಗಿತ್ತಿ ಕೈ ಎತ್ತಿ, "ನಮ್ ಮೇಡಂ ಶ್ರೀ ಬರೀಲೇಬೇಕು ಅಂದಿದಾರೆ," ಎಂದಿದ್ದಾಳೆ.

"ಬೈದ್ರಾ?" ಎಂದು ಕೇಳಿದೆ.

"ಇಲ್ಲ ಮೇಡಂ. ‘ನಿಮ್ ಮೇಡಂ ಒಳ್ಳೇದಕ್ಕೇ ಹೇಳಿರ್ತಾರಮ್ಮ. ಇವತ್ತೊಂದಿನ ಮನಸ್ಸಲ್ಲಿ ಬರ್ಕೋ’ ಅಂದ್ರು. ಆಮೇಲೆ ಎಲ್ರಿಗೂ ಕಣ್ ಮುಚ್ಚಿ, ಒಂದ್ನಿಮಿಷ ನಿಮ್ ನಿಮ್ ದೇವರನ್ನ ನೆನ್ಕೊಳ್ಳಿ ಅಂದ್ರು. ಅವ್ರೂ ಕಣ್ ಮುಚ್ಚಿದ್ರು ಮೇಡಂ."

ಆ ಮೇಡಂ ನನ್ನ ತಪ್ಪನ್ನು ಎತ್ತಿ ಆಡಬಹುದಿತ್ತು. ನಿಮ್ಮ ಮೇಡಂಗೆ ಅಷ್ಟೂ ಗೊತ್ತಿಲ್ಲವೇ ಎಂದು ಅಷ್ಟು ಮಕ್ಕಳೆದುರು ಕೇಳಬಹುದಿತ್ತು. ನಾನಾಗಿದ್ದರೆ ಕೇಳಿಯೇಬಿಡುತ್ತಿದ್ದೆ. ಅವರು ಹುಡುಗಿಯ ಪರೀಕ್ಷೆಯನ್ನು ಉಳಿಸಿದರು, ಅವಳ ಕಣ್ಣಲ್ಲಿ ನನ್ನ ಮರ್ಯಾದೆಯನ್ನೂ ಉಳಿಸಿದರು. ಮುಂದಿನ ಪರೀಕ್ಷೆಯ ದಿನ ಮಧ್ಯಾಹ್ನ ಆ ಕೇಂದ್ರಕ್ಕೆ ಹೋಗಿ ವಿಚಾರಿಸಿದೆ. ಅವರನ್ನು ಬೇರೆ ಕೇಂದ್ರಕ್ಕೆ ಹಾಕಿದ್ದರು, ಯಾವುದೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನನ್ನ ಥ್ಯಾಂಕ್ಸ್ ಇನ್ನೂ ನನ್ನ ಹತ್ತಿರವೇ ಉಳಿದಿದೆ.

ಅವರ ಮೇಲಿನ ಕೋಪದಲ್ಲಿ ನಾನು ಮಾಡಿದ್ದನ್ನೆಲ್ಲ ವಿಜ್ಞಾನದ ಮೇಷ್ಟ್ರಿಗೆ ಹೇಳಿ ಕ್ಷಮೆ ಕೇಳಿದೆ. ಅವರು ನನಗೇ ಕಾಫಿ ಕುಡಿಸಿ, "ಸದ್ಯ, ಬದುಕ್ಕೊಂಡ್ವಿ ಮೇಡಂ," ಎಂದರು. ಉಳಿದ ಮಕ್ಕಳೂ ಸೂಚನೆ ಕೇಳಿ ಶ್ರೀ ಬಿಟ್ಟಿದ್ದರು, ಯಾರ ಪತ್ರಿಕೆಗೂ ತೊಂದರೆಯಾಗಲಿಲ್ಲ. ಹುಡುಗಿ ಪಾಸಾಗಿ ಕಾಲೇಜಿಗೆ ಹೋಗುತ್ತಿದ್ದಾಳೆ. ಸಂಜೆ ಅವರ ಗಾಡಿಯಲ್ಲಿ ಸೊಪ್ಪು ಕೊಂಡರೆ ತಾಯಿ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕುತ್ತಾರೆ. ಅದು ಸಲ್ಲಬೇಕಾದದ್ದು ನನಗಲ್ಲ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ.

ಮನೆಯ ದಿನಸಿ ಪಟ್ಟಿಗೆ ಈಗಲೂ ಶ್ರೀ ಇದೆ. ಶಾಲೆಯ ಬೋರ್ಡಿನ ನೆತ್ತಿ ಮಾತ್ರ ಖಾಲಿ. ಪಾಠಕ್ಕೆ ಮುಂಚೆ, ಬೇಕಾದವರು ಒಂದು ನಿಮಿಷ ಕಣ್ಣು ಮುಚ್ಚಿ ನಿಮಗೆ ಬೇಕಾದವರನ್ನು ನೆನೆದುಕೊಳ್ಳಿ ಎನ್ನುತ್ತೇನೆ. ನಾನೂ ಕಣ್ಣು ಮುಚ್ಚುತ್ತೇನೆ. ಮೊದಲು ನೆನಪಾಗುವುದು ನಾನು ಮುಖವನ್ನೂ ನೋಡದ ಆ ಮೇಡಂ. ದೇವರು ಆಮೇಲೆ.