ಅತ್ತಿಗೆಯ ಕಣ್ಣಿಗಿಟ್ಟ ಕಾಗದದ ಪಟ್ಟಿ

ಅತ್ತಿಗೆ, ನಿಮ್ಮ ಕಣ್ಣು ಒಣಗಿದೆ ಎಂದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಏನೂ ಇಲ್ಲ ಎಂದು ಮನೆಯಲ್ಲಿ ಹೇಳಿದೆ.

ನಿಮ್ಮನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಈಗಲೂ ಆಗುವುದಿಲ್ಲ — ಅದನ್ನು ಮುಚ್ಚಿಟ್ಟು ಇದನ್ನು ಬರೆದರೆ ಇದೂ ಒಂದು ಸುಳ್ಳಾಗುತ್ತದೆ. ಅಣ್ಣ ಹೆಣ್ಣು ನೋಡಲು ಬಂದ ದಿನ ನೀವು ಕನ್ನಡಕ ಅಡಗಿಸಿ ಲೆನ್ಸ್ ಹಾಕಿ ಕೂತಿದ್ದಿರಿ. ಐವರ್ನಾಡಿನ ನಮ್ಮ ಮನೆಗೆ ಬಂದ ಮೇಲೂ ಲೆನ್ಸ್ ಬಿಡಲಿಲ್ಲ. ರಬ್ಬರ್ ಶೀಟುಗಳಿಗೆ ಹೊಗೆ ಹಾಕುವ ಕೋಣೆಯ ಕೆಲಸ ನಿಮ್ಮ ಪಾಲಿಗೆ ಬಂತು. ಕಣ್ಣು ಉರಿಯುತ್ತದೆ, ಮರಳು ಹೊಕ್ಕ ಹಾಗಾಗುತ್ತದೆ ಎಂದು ನೀವು ಹೇಳಿದಾಗ ಅಮ್ಮ, "ಹೊಗೆಗೆ ಯಾರ ಕಣ್ಣು ಉರಿಯುದಿಲ್ಲ ಮಾರಾಯ್ತಿ?" ಎಂದರು. ಕೊನೆಗೆ ತೀರ್ಮಾನ ನನ್ನ ಕೈಗೆ ಬಂತು. ಪುತ್ತೂರಿನ ಕಣ್ಣಿನ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡುವವಳು ನಾನೇ ತಾನೆ. ದೋಷ ಕಂಡರೆ ನಿಮಗೆ ಹೊಗೆಯಿಂದ ಬಿಡುಗಡೆ, ಇಲ್ಲದಿದ್ದರೆ ಇಲ್ಲ.

ಅದು ಬುಧವಾರ, ಡಾಕ್ಟ್ರು ಆಪರೇಶನ್ನಿಗೆಂದು ಮಂಗಳೂರಿಗೆ ಹೋಗುವ ದಿನ. ಬಂದವರನ್ನು ಎಣಿಸಿ ಡೈರಿಯಲ್ಲಿ ಬರೆದುಕೊಳ್ಳುವುದು ನನ್ನ ಅಭ್ಯಾಸ. ಆ ದಿನದ ಹನ್ನೊಂದು ಮಂದಿಯಲ್ಲಿ ನೀವು ಕೊನೆಯವರು. ಲೆನ್ಸ್ ತೆಗೆಸಿ, ಕಣ್ಣಿಗೆ ಹಳದಿ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ ನೋಡಿದೆ. ರೆಪ್ಪೆ ಬಡಿಯಬೇಡಿ ಎಂದು ಹೇಳಿ ಎಣಿಸತೊಡಗಿದೆ. ಕಣ್ಣೀರಿನ ಪದರ ಹತ್ತರವರೆಗಾದರೂ ನಿಲ್ಲಬೇಕು; ನಿಮ್ಮದು ನಾಲ್ಕಕ್ಕೇ ಒಡೆಯಿತು. ಎರಡೂ ಕಣ್ಣಿನಲ್ಲಿ. ಅಲ್ಲಿಗೆ ಮುಗಿಯಬೇಕಿತ್ತು. ಲೆನ್ಸ್ ಬಿಡಿ, ಡಾಕ್ಟ್ರು ಇರುವ ದಿನ ಬಂದು ತೋರಿಸಿ — ಇಷ್ಟು ಹೇಳಿದ್ದರೆ...

ನಾನು ಕಾಗದದ ಎರಡು ಪಟ್ಟಿ ತೆಗೆದೆ, ಕಣ್ಣಿಗೊಂದು. ಕೆಳರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಬಿಟ್ಟರೆ ಎಷ್ಟು ಉದ್ದ ಒದ್ದೆಯಾಗುತ್ತದೋ ಅದೇ ಕಣ್ಣೀರಿನ ಅಳತೆ. ಅರ್ಧ ಹೊತ್ತು ಕಳೆದರೂ ತುದಿ ಮಾತ್ರ ನೆನೆದಿತ್ತು. ನೀವು ಕಣ್ಣು ಮುಚ್ಚಿಕೊಂಡೇ, "ಈಗಲಾದ್ರೂ ನಂಬ್ತೀಯಲ್ಲ?" ಎಂದಿರಿ. ನನಗದು ಗೆದ್ದವರ ದನಿ ಅನಿಸಿತು. ಆಗ ಹೇಳಿದೆ:

"ಕನ್ನಡಕ ಅಡಗಿಸಿ ಮಗಳನ್ನು ದಾಟಿಸಿದ್ರಲ್ಲ ನಿಮ್ಮ ಅಪ್ಪ, ಪಾಪ, ಬೇಗ ಹೋದ್ರು. ಇದ್ದಿದ್ರೆ ಕೇಳ್ಬಹುದಿತ್ತು, ಇನ್ನೂ ಎಂತೆಲ್ಲ ಅಡಗಿಸಿದ್ದುಂಟು ಅಂತ."

ಅವರು ತೀರಿಹೋಗಿ ತಿಂಗಳೂ ಆಗಿರಲಿಲ್ಲ.

ಪಟ್ಟಿಗಳೆರಡೂ ಪೂರ್ತಿ ಒದ್ದೆಯಾದವು. ಅತ್ತಾಗ ಬರುವ ನೀರನ್ನು ಲೆಕ್ಕಕ್ಕೆ ಹಿಡಿಯಬಾರದು — ಇದು ನನಗೆ ಕಲಿಸಿದ ಪಾಠ. ಹಿಡಿದೆ. ಅಳಿಸಿದವಳೂ ನಾನೇ, ಅಳೆದವಳೂ ನಾನೇ.

ಸಂಜೆ ಎಲ್ಲರೂ ಚಹಾಕ್ಕೆ ಕೂತಾಗ ಆ ಪಟ್ಟಿಗಳನ್ನು ಅಣ್ಣನ ಮುಂದೆ ಹಿಡಿದೆ. "ನೋಡು, ನೀರು ಬೇಕಾದಷ್ಟುಂಟು. ಉರಿ ಬರುದು ಕೆಲಸ ಕಂಡಾಗ ಮಾತ್ರ." ಅಮ್ಮ ನಕ್ಕರು. ನೀವು ಒಂದೇ ಮಾತು ಕೇಳಿದಿರಿ: "ಹಾಗಾದ್ರೆ ಲೆನ್ಸ್ ಹಾಕಬಹುದಾ?"

"ಧಾರಾಳ," ಎಂದೆ.

ಆ ಸಲದ ರಬ್ಬರ್ ಟ್ಯಾಪಿಂಗ್ ಮುಗಿಯುವುದರೊಳಗೆ ನಿಮ್ಮ ಬಲಗಣ್ಣಿನಲ್ಲಿ, ಲೆನ್ಸಿನ ಅಡಿಯಲ್ಲಿ, ಹುಣ್ಣಾಯಿತು. ಹುಣ್ಣು ವಾಸಿಯಾಗಿ ಬಿಳಿ ಕಲೆ ಉಳಿಯಿತು. ಮುಂದೆ ಹಿಡಿದ ಬೆರಳು ಎಷ್ಟೆಂದು ಹೇಳುವಷ್ಟು ಮಾತ್ರ ಆ ಕಣ್ಣಿಗೆ ಈಗ ಕಾಣುತ್ತದೆ. ಎಲ್ಲ ಹಣೆಬರಹ ಎಂದರು ಮನೆಯವರು. ನಾನೂ ತಲೆಯಾಡಿಸಿದೆ — ಮೂರು ವರ್ಷ ತಲೆಯಾಡಿಸಿದೆ.

ನಿನ್ನೆ ಆದಿತ್ಯವಾರ, ಎಲ್ಲರ ಎದುರು ಅರ್ಧಂಬರ್ಧ ಹೇಳಿದೆ, ಪೂರ್ತಿ ಇಲ್ಲಿದೆ. ಅಣ್ಣ ಬಟ್ಟಲು ಬಿಟ್ಟು ಎದ್ದು ಹೋದ. "ಈಗ ಎಂತಕ್ಕೆ ಅದೆಲ್ಲ? ಬಾಯಿ ಮುಚ್ಚಿ ಇರ್ಲಿಕ್ಕೆ ಆಗುದಿಲ್ವಾ ನಿನಗೆ?" ಎಂದರು ಅಮ್ಮ. ನೀವು ಮುಖ ಸ್ವಲ್ಪ ತಿರುಗಿಸಿ, ಕಾಣುವ ಕಣ್ಣಿನಿಂದ ನನ್ನನ್ನೇ ನೋಡಿದಿರಿ.

"ಹೇಳಿದ್ದೀಯ ಅಂತ ನಿನ್ನ ಮೇಲಿನ ಕೋಪ ಕಮ್ಮಿ ಆಗುದಿಲ್ಲ. ತಿಳ್ಕೋ."

ಕಮ್ಮಿಯಾಗಲಿ ಎಂದು ನಾನು ಹೇಳಿದ್ದಲ್ಲ — ಎಂದು ಇಲ್ಲಿ ಬರೆದೆ. ಮತ್ತೆ ಓದಿದೆ. ಅದು ಸುಳ್ಳು. ಕಮ್ಮಿಯಾಗಲೆಂದೇ ಹೇಳಿದ್ದು.