ಟ್ಯಾನರ್ ಎಂದರೆ ಏನು

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಪ್ಲೆಸೆಂಟನ್ನಿನ ಕನ್ನಡದವರಲ್ಲಿ ಯಾರ ಮನೆಯಲ್ಲಾದರೂ ಗಂಡುಮಗು ಹುಟ್ಟುವುದಿದೆ ಎಂದು ಗೊತ್ತಾದರೆ, ಊರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನು ಮಾಡಿದ ಮೇಲೆ ಮುಂದಿನ ಫೋನು ಬರುತ್ತಿದ್ದದ್ದು ಕಿರಣಕುಮಾರನಿಗೆ. ಅವನು ಜ್ಯೋತಿಷಿಯಲ್ಲ, ಪುರೋಹಿತನೂ ಅಲ್ಲ. ಒಂದು ಕಂಪನಿಯಲ್ಲಿ ಡೇಟಾಬೇಸು ನೋಡಿಕೊಳ್ಳುವ ಇಂಜಿನಿಯರು. ಆದರೆ ಇಂಗ್ಲಿಷಿನ ಗಂಡಸರ ಹೆಸರುಗಳ ಹುಟ್ಟು, ಅರ್ಥ ಅವನಿಗೆ ಗೊತ್ತಿದ್ದಷ್ಟು ಆ ಹೆಸರು ಇಟ್ಟುಕೊಂಡವರಿಗೇ ಗೊತ್ತಿರುತ್ತಿರಲಿಲ್ಲ. ಮನೆಯಲ್ಲಿ ಕರೆಯಲು ಒಂದು ಹೆಸರು, ಸ್ಕೂಲಿಗೆ ಒಂದು ಹೆಸರು ಎಂದು ಎರಡೆರಡು ಇಡುವವರಿಗೆ ಅವನು ತುಂಬ ಬೇಕಾದವನಾಗಿದ್ದ.

ಈ ಹುಚ್ಚು ಅವನಿಗೆ ಅಂಟಿದ್ದು ಒಂದು ಕಾಫಿ ಲೋಟದಿಂದ. ಹೊಸದಾಗಿ ಬಂದ ವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಕಾಫಿ ಅಂಗಡಿಯಲ್ಲಿ ಹೆಸರು ಕೇಳಿದಾಗ ‘ಕಿರಣ್’ ಎಂದ. ಹುಡುಗಿ ಲೋಟದ ಮೇಲೆ ‘ಕೀರನ್’ ಎಂದು ಬರೆದಳು. ಅದು ಐರಿಷ್ ಹೆಸರಂತೆ, ‘ಪುಟ್ಟ ಕರಿಯ’ ಎಂದು ಅರ್ಥವಂತೆ. ಫೋನಿನಲ್ಲಿ ಅದನ್ನು ಓದಿದಾಗ ಅವನಿಗೆ ನಗು ತಡೆಯಲಾಗಲಿಲ್ಲ, ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ಅವನ ತಾತನ ಹೆಸರು ಕರಿಯ. ಪ್ರೀತಿಯಿಂದ ಇಟ್ಟದ್ದಲ್ಲ. ಅವರ ಬೀದಿಯ ಮಕ್ಕಳಿಗೆ ಒಳ್ಳೆಯ ಹೆಸರಿಟ್ಟರೆ ಮೇಲಿನ ಬೀದಿಯವರಿಗೆ ಸಹಿಸುತ್ತಿರಲಿಲ್ಲ. ಮೇಷ್ಟರಾದ ಅಪ್ಪ ಹಟ ಹಿಡಿದು ಮಗನಿಗೆ ಕಿರಣಕುಮಾರ ಎಂದು ಹೆಸರಿಟ್ಟರು. ‘ಈ ಹೆಸರು ಇಟ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗು ಮಗ, ನೀನು ಯಾವ ಬೀದಿಯವನು ಅಂತ ಯಾರಿಗೂ ಗೊತ್ತಾಗಕಿಲ್ಲ’ ಎನ್ನುತ್ತಿದ್ದರು.

ಅಲ್ಲಿಂದ ಅವನು ಸಿಕ್ಕ ಸಿಕ್ಕ ಹೆಸರಿನ ಬುಡ ಕೆದಕತೊಡಗಿದ. ಲೈಬ್ರರಿಯಿಂದ ದಪ್ಪ ದಪ್ಪ ನಿಘಂಟು ತಂದ. ಕ್ಯಾಲ್ವಿನ್ ಎಂದರೆ ಬೋಳುತಲೆಯವನು. ಕ್ಯಾಮೆರಾನ್ ಎಂದರೆ ಸೊಟ್ಟ ಮೂಗಿನವನು. ಅವನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಕಸುಬಿನ ಹೆಸರುಗಳು. ಪೀಪಾಯಿ ಮಾಡುವವನು ಕೂಪರ್, ಹೆಂಚು ಹೊದಿಸುವವನು ಟೈಲರ್, ಗಾಡಿ ಹೊಡೆಯುವವನು ಕಾರ್ಟರ್. ಯಾವನೋ ಮುತ್ತಾತ ಬೆವರು ಸುರಿಸಿ ಮಾಡಿದ ಕೆಲಸ ಇಲ್ಲಿ ಡೇಕೇರಿನ ಮಕ್ಕಳಿಗೆ ಹೆಸರಾಗಿ ಓಡಾಡುತ್ತಿತ್ತು. ಯಾರೂ ಮೂಗು ಮುರಿಯುತ್ತಿರಲಿಲ್ಲ. ಅದು ಗೌರವವೋ ಬರೀ ಮರೆವೋ ಎಂದು ಅವನಿಗೆ ಅನುಮಾನವಿತ್ತು. ಮರೆವೇ ಆದರೂ ಚಿಂತೆಯಿಲ್ಲ, ನಮ್ಮವರಿಗೆ ಅಷ್ಟಾದರೂ ಬಂದಿದ್ದರೆ ಎಂದುಕೊಳ್ಳುತ್ತಿದ್ದ.

ನಮ್ಮವರಿಗೆ ಅದು ಬಂದಿರಲಿಲ್ಲ. ಅಪ್ಪ ಇಟ್ಟ ಹೆಸರಿನ ಹಿಂದೆ ಏನಿದೆ ಎಂದು ಇಣುಕಲು ಇಲ್ಲಿನ ಕನ್ನಡದವರು ಬೇರೆ ದಾರಿ ಕಂಡುಕೊಂಡಿದ್ದರು. ‘ಮಂಡ್ಯದಲ್ಲಿ ಯಾವ ಕಡೆ?’ ‘ನಿಮ್ಮನೆ ದೇವರು ಯಾವುದು?’ ‘ಮದುವೆ ಯಾವ ಛತ್ರದಲ್ಲಿ ಆಗಿದ್ದು?’ ಒಮ್ಮೆ ಸಹೋದ್ಯೋಗಿ ಶ್ರೀಕಂಠನ ಮನೆಯ ಪಾರ್ಟಿಯಲ್ಲಿ ಶ್ರೀಕಂಠ ಬಂದು ತಬ್ಬಿಕೊಂಡವನು ಕೈಯನ್ನು ಭುಜದಿಂದ ಬೆನ್ನಿಗೆ, ಬೆನ್ನಿನಿಂದ ಓರೆಯಾಗಿ ಸೊಂಟದ ಕಡೆಗೆ ಮೆಲ್ಲಗೆ ಜಾರಿಸಿದ. ಶರ್ಟಿನ ಒಳಗೆ ಆ ಬೆರಳುಗಳು ಯಾವ ದಾರ ಹುಡುಕುತ್ತಿವೆ ಎಂದು ಕಿರಣನಿಗೆ ಗೊತ್ತಾಯಿತು. ಮೈಮೇಲೆ ಜಿರಳೆ ಹರಿದಂತಾಯಿತು. ಚಟ್ನಿ ಹಾಕಿಕೊಳ್ಳುವ ನೆಪದಲ್ಲಿ ಪಕ್ಕಕ್ಕೆ ಸರಿದ. ಮನೆಗೆ ಬಂದು ಆ ಶರ್ಟನ್ನು ಒಗೆಯಲು ಹಾಕುವಾಗ ಹೆಂಡತಿ ಇಂದು, ‘ಬಿಟ್ಹಾಕಿ, ತಬ್ಕೊಂಡಿದ್ದಕ್ಕೆಲ್ಲ ಸ್ನಾನ ಮಾಡೋಕಾಗತ್ತಾ?’ ಎಂದಳು. ಅವಳದೂ ಅದೇ ಬೀದಿಯ ಕಥೆಯಾದ್ದರಿಂದ ಹೆಚ್ಚು ವಿವರಿಸಬೇಕಾಗಿರಲಿಲ್ಲ.

ಶ್ರೀಕಂಠ ಮೈಸೂರಿನವನು. ಕಿರಣನ ಕಂಪನಿಯಲ್ಲೇ ಬೇರೆ ಟೀಮಿನ ಮ್ಯಾನೇಜರು. ಹಾಗೆ ನೋಡಿದರೆ ಕಷ್ಟಕ್ಕೆ ಆಗುವ ಮನುಷ್ಯ. ಇಂದುವಿಗೆ ಆಪರೇಷನ್ ಆದಾಗ ಅವನ ಹೆಂಡತಿ ನಿರುಪಮಾ ವಾರವಿಡೀ ಸಾರು, ಪಲ್ಯ ಕಳಿಸಿದ್ದಳು. ಅವರಿಗೆ ವಿಭಾ ಎಂಬ ಮಗಳ ನಂತರ ಗಂಡುಮಗು ಹುಟ್ಟಿತು. ಮನೆಯ ಹೆಸರು ತನಯ್. ಅದಕ್ಕೆ ಹೊಂದುವ ಸ್ಕೂಲಿನ ಹೆಸರನ್ನು ವಿಭಾಳೇ ಹುಡುಕಿದಳು, ಅವಳ ಕ್ಲಾಸಿನಲ್ಲಿ ಟ್ಯಾನರ್ ಎಂಬ ಚೆಂದದ ಹುಡುಗನಿದ್ದ. ತನಯ್, ಟ್ಯಾನರ್. ಕೇಳಲು ಎಷ್ಟು ಚೆನ್ನಾಗಿದೆ ಎಂದು ಎಲ್ಲರಿಗೂ ಖುಷಿಯಾಗಿ, ಈ ಸಲ ಕಿರಣನನ್ನು ಕೇಳುವ ಗೋಜಿಗೇ ಹೋಗಲಿಲ್ಲ.

ನಾಮಕರಣ ಶನಿವಾರ ಬೆಳಿಗ್ಗೆ. ಕಿರಣನೂ ಇಂದುವೂ ಒಳಗೆ ಬರುತ್ತಿದ್ದಂತೆ ಕಂಡದ್ದು ಗೋಡೆಯ ಮೇಲೆ ನೀಲಿ ಬಲೂನಿನ ದೊಡ್ಡ ಅಕ್ಷರಗಳು: ಟ್ಯಾನರ್. ಕಿರಣ ಇಂದುವಿನ ಕಿವಿಯಲ್ಲಿ, ‘ಇವತ್ತು ಬೇಗ ಊಟ ಮಾಡಿ ಹೊರಟುಬಿಡೋಣ’ ಎಂದ.

ಆದರೆ ಶ್ರೀಕಂಠ ಬಿಡಬೇಕಲ್ಲ. ಪುರೋಹಿತರು ತನಯ್ ಎಂಬ ಹೆಸರನ್ನು ಅಕ್ಕಿಯ ಮೇಲೆ ಬರೆಸಿ, ಮಗುವಿನ ಕಿವಿಯಲ್ಲಿ ಹೇಳಿಸಿ ಮುಗಿಸಿದ ಮೇಲೆ ಅವನು ಮೈಕು ಹಿಡಿದ. ‘ಈಗ ನಮ್ಮ ನೇಮ್ ಎಕ್ಸ್‌ಪರ್ಟು ಮಾತಾಡ್ತಾರೆ. ಬಾ ಗುರು, ಟ್ಯಾನರ್ ಅಂದ್ರೆ ಏನು, ಎಲ್ಲಾರ್ಗೂ ಹೇಳು.’

‘ಆಮೇಲೆ ಹೇಳ್ತೀನಿ ಬಿಡು, ಊಟಕ್ಕೆ ಹೊತ್ತಾಯ್ತು,’ ಎಂದ ಕಿರಣ.

‘ಏ, ನಾಚ್ಕೋಬೇಡ! ರಾಜನಾ, ಯೋಧನಾ?’

ಎಲ್ಲರೂ ಅವನ ಕಡೆಗೇ ನೋಡುತ್ತಿದ್ದರು. ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ‘ಹದ ಮಾಡೋನು ಅಂತ ಅರ್ಥ,’ ಎಂದ.

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ನಿರುಪಮಾಳ ತಾಯಿ ಮುಖವರಳಿಸಿ, ‘ಆಹಾ, ಎಷ್ಟು ಚೆನ್ನಾಗಿದೆ! ಏನು ಹದ ಮಾಡೋದಪ್ಪ, ಮಣ್ಣೇ?’ ಎಂದರು.

‘ತೊಗಲು ಅಮ್ಮ. ಸತ್ತ ದನದ್ದು, ಎಮ್ಮೇದು. ಚರ್ಮ ಹದ ಮಾಡೋ ಕಸುಬಿನವರಿಗೆ ಇಂಗ್ಲಿಷಲ್ಲಿ ಟ್ಯಾನರ್ ಅಂತಾರೆ.’

‘ಶಿವ ಶಿವಾ!’ ಎಂದರು ಆಕೆ. ಮಗು ತೊಡೆಯ ಮೇಲೆ ಹೇಸಿಗೆ ಮಾಡಿತೇನೋ ಎಂಬಂತೆ ಅದನ್ನು ಎತ್ತಿ ಮಗಳ ಕೈಗೆ ಕೊಟ್ಟರು. ‘ಛೀ, ಛೀ, ದೇವರ ಮುಂದೆ ಎಂಥ ಮಾತು ಬಂತು.’ ಎದ್ದು ಅಡುಗೆಮನೆಗೆ ಹೋದರು. ಅಲ್ಲಿ ಅವರು ನಲ್ಲಿ ತಿರುಗಿಸಿ ಪಾತ್ರೆ ತೊಳೆಯುವ ಸೋಪಿನಿಂದ ಮೊಣಕೈವರೆಗೆ ಕೈ ಉಜ್ಜಿಕೊಳ್ಳುವುದು ಕಿರಣನಿಗೆ ಕಾಣುತ್ತಿತ್ತು. ಸ್ವಂತ ಮೊಮ್ಮಗ, ಹಾಲಿನ ವಾಸನೆಯ ಕೂಸು. ಅದರ ಮೈಗೆ ಒಂದು ಶಬ್ದ ಹತ್ತಿದ್ದಕ್ಕೆ ಇಷ್ಟು ತೊಳೆಯುವ ಕೈ.

ಶ್ರೀಕಂಠ ಸಂಕೋಚ ಮುಚ್ಚಲು ಜೋರಾಗಿ ನಕ್ಕ. ಮೈಕು ಇನ್ನೂ ಕೈಯಲ್ಲೇ ಇತ್ತು. ‘ಏನ್ ಗುರು, ಒಂದೇ ಏಟಿಗೆ ನನ್ ಮಗನ್ನ...’ ಎಂದು ಒಂದು ಜಾತಿಯ ಹೆಸರನ್ನು ಬೈಗುಳದ ದನಿಯಲ್ಲಿ ಹೇಳಿ, ‘ಮಾಡ್ಬಿಟ್ಯಲ್ಲ!’ ಎಂದ. ಸೋಫಾದ ಮೇಲಿದ್ದವರು ನಕ್ಕರು. ಡಾಕ್ಟರುಗಳು, ಇಂಜಿನಿಯರುಗಳು, ಬರ್ಕ್ಲಿ ಯೂನಿವರ್ಸಿಟಿಯಲ್ಲಿ ಪಾಠ ಮಾಡುವವನೊಬ್ಬ, ಎಲ್ಲರೂ ನಕ್ಕರು. ಮೈಕಿನಿಂದಾಗಿ ಆ ಶಬ್ದ ಹಿತ್ತಲಿನಲ್ಲಿ ಆಡುತ್ತಿದ್ದ ಮಕ್ಕಳವರೆಗೂ ಹೋಯಿತು.

‘ನಮ್ಮ ತಾತ ಮಾಡ್ತಿದ್ದದ್ದು ಅದೇ ಕೆಲಸ,’ ಎಂದ ಕಿರಣ. ದನಿ ಏರಲಿಲ್ಲ. ‘ಸುಣ್ಣದ ಗುಂಡೀಲಿ ತೊಗಲು ನೆನೆಸಿ, ಕೂದಲು ಹೆರೆದು, ತಂಗಡಿ ತೊಗಟೆ ಹಾಕಿ ಹದ ಮಾಡೋರು. ಊರೋರ ಮೆಟ್ಟು, ಬಾವಿಯಿಂದ ನೀರೆತ್ತೋ ಕಪಿಲೆ ಚೀಲ, ಎಲ್ಲಾ ಅವರ ಕೈಯದೇ. ಆ ಗುಂಡಿ ವಾಸನೆ ನಂಗೆ ಗೊತ್ತು ಶ್ರೀಕಂಠ. ಇಲ್ಲಿ ಬರ್ತಿರೋ ವಾಸನೆ ಅದಕ್ಕಿಂತ ಕೆಟ್ಟದಾಗಿದೆ.’

ನಗು ನಿಂತಿತು. ಯಾರೋ ಫೋನು ನೋಡತೊಡಗಿದರು. ಮಗುವನ್ನು ಎದೆಗವಚಿಕೊಂಡಿದ್ದ ನಿರುಪಮಾ ತಗ್ಗಿದ ದನಿಯಲ್ಲಿ, ‘ನೀವು ಮೊದ್ಲೇ ಹೇಳ್ಬಹುದಿತ್ತು ಕಿರಣ್ ಅವ್ರೆ,’ ಎಂದಳು.

‘ಟ್ಯಾನರ್ ಅಂದ್ರೆ ಏನು ಅಂತಾನಾ?’

‘ಅದಲ್ಲ. ನಿಮ್ಮ ವಿಷಯ. ಇಷ್ಟು ವರ್ಷದಿಂದ ನಮ್ಮನೇಲಿ ಊಟ ಮಾಡಿದೀರ, ಅಡುಗೆಮನೆವರೆಗೂ ಓಡಾಡಿದೀರ. ನಾವು ಅದನ್ನೆಲ್ಲ ನೋಡೋರಲ್ಲ, ನಿಮ್ಗೇ ಗೊತ್ತು. ಆದ್ರೆ ಹೈಡ್ ಮಾಡಿದ್ರಿ ನೋಡಿ, ಅದು ಬೇಜಾರು.’

ಆ ಮೃದುವಾದ ಮಾತು ಕಿರಣನನ್ನೇ ಕಳ್ಳನನ್ನಾಗಿ ಮಾಡಿತ್ತು. ಇಂದು ಚಪ್ಪಲಿ ಹಾಕಿಕೊಂಡಾಗಿತ್ತು. ಅವರು ಬಾಗಿಲು ದಾಟುವಾಗ ಹಿಂದೆ ಪಟ್ ಪಟ್ ಎಂದು ಸದ್ದಾಯಿತು. ಯಾರೋ ಗೋಡೆಯ ಬಲೂನಿನ ಅಕ್ಷರಗಳನ್ನು ಕಿತ್ತು ಒಡೆಯುತ್ತಿದ್ದರು.

ಫ್ರೀವೇ ಹತ್ತಿದ ಮೇಲೆ ಇಂದು, ‘ಸ್ವಲ್ಪ ಪಕ್ಕಕ್ಕೆ ಹಾಕಿ,’ ಎಂದಳು. ಕಿರಣ ಮುಂದಿನ ಎಕ್ಸಿಟ್ಟಿನಲ್ಲಿ ಕಾರು ಇಳಿಸಿ ನಿಲ್ಲಿಸಿದ. ಅವಳು ಬಾಗಿಲು ತೆರೆದು ರಸ್ತೆ ಪಕ್ಕದ ಒಣಹುಲ್ಲಿನ ಮೇಲೆ ವಾಂತಿ ಮಾಡಿಕೊಂಡಳು. ಬಾಯಿ ತೊಳೆದುಕೊಂಡು, ‘ನಾನು ಹುಷಾರಿಲ್ದಾಗ ಅವ್ಳು ಕಳ್ಸಿದ ಸಾರೆಲ್ಲ ನೆನಪಾಯ್ತು,’ ಎಂದಳು. ‘ಗೊತ್ತಿದ್ದಿದ್ರೆ ಕಳಿಸ್ತಿರಲಿಲ್ಲ ಅಲ್ವಾ? ಅದನ್ನ ಎಷ್ಟು ಪ್ರೀತಿಯಿಂದ ಉಂಡಿದ್ದೆ ರೀ ನಾನು.’

ಮುಂದಿನ ವಾರ ಶ್ರೀಕಂಠ ಕಿರಣನ ಮನೆಗೆ ಬಂದ. ಕೈಯಲ್ಲಿ ಮೈಸೂರುಪಾಕಿನ ಡಬ್ಬ, ತುಪ್ಪ ರಟ್ಟಿನ ಹೊರಗೂ ಒಸರಿತ್ತು. ಸೋಫಾದ ಅಂಚಿನಲ್ಲಿ ಕೂತ. ಇಂದು ತಂದಿಟ್ಟ ಕಾಫಿ ಮುಟ್ಟಲಿಲ್ಲ, ಈಗ ತಾನೇ ಕುಡಿದು ಬಂದೆ ಎಂದ.

‘ಅವತ್ತು ಜೋಕು ಸ್ವಲ್ಪ ಜಾಸ್ತಿ ಆಯ್ತು. ಸಾರಿ ಕಣಯ್ಯ. ಅತ್ತೆ ಹಳೇ ಕಾಲದೋರು.’

‘ಮೈಕಲ್ಲಿ ಮಾತಾಡಿದ್ದು ನಿಮ್ಮ ಅತ್ತೆ ಅಲ್ಲ.’

ಶ್ರೀಕಂಠ ಡಬ್ಬವನ್ನು ಕಿರಣನ ಕಡೆಗೆ ತಳ್ಳಿದ. ಆಮೇಲೆ ಬಂದ ಕೆಲಸ ಹೊರಬಿತ್ತು. ‘ನೋಡು, ಆಫೀಸಲ್ಲಿ ಈಗ ಇದರ ಬಗ್ಗೆ ಟ್ರೈನಿಂಗು ಗೀನಿಂಗು ಎಲ್ಲಾ ಶುರು ಮಾಡಿದಾರೆ. ನನ್ನ ಪ್ರೊಮೋಷನ್ನು ಬೇರೆ ಪೆಂಡಿಂಗು. ನೀನು ಎಚ್ಆರ್‌ಗೆಲ್ಲ ಹೋಗಲ್ಲ ತಾನೇ? ಫ್ಯಾಮಿಲಿ ಮ್ಯಾಟ್ರು ಇದು.’

ಹಾಗಾದರೆ ಸಾರಿ ಹೇಳಲು ಬಂದದ್ದಲ್ಲ. ತುಪ್ಪ ಒಸರುವ ಆ ಡಬ್ಬ, ಅಂಚಿನಲ್ಲಿ ಕೂತ ಆ ಮೈ, ಮುಟ್ಟದೆ ಕೆನೆಗಟ್ಟುತ್ತಿದ್ದ ಕಾಫಿ, ಎಲ್ಲವೂ ಸೇರಿ ಕಿರಣನಿಗೆ ಒಂದೇ ಹೇಸಿಗೆಯ ಮುದ್ದೆಯಾಗಿ ಕಂಡವು.

‘ಕಂಪ್ಲೇಂಟು ಕೊಡೋ ಯೋಚನೆ ನಂಗೆ ಬಂದೇ ಇರಲಿಲ್ಲ,’ ಎಂದ. ‘ಆದ್ರೆ ಕೊಡಲ್ಲ ಅಂತ ನಿನಗೆ ಮಾತು ಕೊಡೋಕೂ ನಂಗಿಷ್ಟ ಇಲ್ಲ. ಹೆದರ್ಕೊಂಡಿರು.’

ಶ್ರೀಕಂಠ ಎದ್ದ. ಬಾಗಿಲ ಹತ್ತಿರ ಹೋದವನು ತಡೆದು ನಿಂತ. ಕೇಳದೆ ಇರಲು ಅವನಿಂದ ಆಗಲಿಲ್ಲ. ‘ಈಗ ಮಾರ್ಷಲ್ ಅಂತ ಇಟ್ಟಿದೀವಿ. ಅದ್ರಲ್ಲಿ ಏನೂ... ಪ್ರಾಬ್ಲಮ್ ಇಲ್ಲ ಅಲ್ವಾ?’

‘ಮೊದಲಿಗೆ ಕುದುರೆ ಲಾಯದ ಆಳು ಅಂತ ಅರ್ಥ. ಕುದುರೆ ಮೈ ತಿಕ್ಕೋನು, ಲದ್ದಿ ಎತ್ತೋನು.’

ಶ್ರೀಕಂಠನ ಮುಖ ಕಪ್ಪಿಟ್ಟಿತು.

‘ಆಮೇಲಾಮೇಲೆ ಸೇನಾಪತಿಗೂ ಅದೇ ಹೆಸರು ಬಂತು.’

‘ಬಂತಾ? ಎಷ್ಟು ವರ್ಷದ ಹಿಂದೆ?’

‘ನೂರಾರು ವರ್ಷ ಆಯ್ತು.’

‘ಹಾಗಾದ್ರೆ ಓಕೆ,’ ಎಂದು ಶ್ರೀಕಂಠ ನಿಜವಾಗಿಯೂ ಹಗುರಾಗಿ ಉಸಿರುಬಿಟ್ಟ. ಅವನ ಕಾರು ತಿರುವು ದಾಟುವ ಮೊದಲೇ ಕಿರಣ ಮೈಸೂರುಪಾಕಿನ ಡಬ್ಬವನ್ನು ಬೆರಳ ತುದಿಯಲ್ಲಿ ಹಿಡಿದು ಹಸಿಕಸದ ತೊಟ್ಟಿಗೆ ಹಾಕಿ, ಕೈಗೆ ಅಂಟಿದ ಜಿಡ್ಡನ್ನು ಒರೆಸಿಕೊಂಡ.

ಕಿರಣನ ಮನೆಗೆ ಹೆಸರು ಕೇಳಿ ಬರುವವರು ಆಮೇಲೆ ಕಡಿಮೆಯಾದರು. ಫೋನು ಮಾಡಿದವರಿಗೂ ಅವನು ಮೊದಲು ತನ್ನ ತಾತನ ಕಸುಬು ಹೇಳಿಬಿಡುತ್ತಾನೆ, ಆಮೇಲೆ ಮಿಕ್ಕ ಮಾತು. ‘ಅಯ್ಯೋ, ನಮಗೆ ಅದೆಲ್ಲ ಇಲ್ಲ ಸಾರ್’ ಎಂದು ಗಡಿಬಿಡಿಯಲ್ಲಿ ಹೇಳಿ, ಮತ್ತೆ ಕಾಲ್ ಮಾಡುತ್ತೇವೆ ಎಂದು ಇಟ್ಟು, ಮಾಡದವರು ಎಷ್ಟೋ ಜನ. ಕಿರಣನಿಗೆ ಸೊಕ್ಕು ಬಂದಿದೆ ಎಂದು ಕನ್ನಡ ಕೂಟದಲ್ಲಿ ಮಾತಾಯಿತು. ಯುಗಾದಿ ಊಟದ ಕರೆಗೆ ಅವರಿಬ್ಬರೂ ಹೋಗಲಿಲ್ಲ. ಅಲ್ಲಿ ಕೂತರೆ ತುತ್ತು ಇಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಕಳೆದ ತಿಂಗಳು ವಿಕಾಸ್, ಲಾಸ್ಯಾ ಎಂಬ ದಂಪತಿ ಬಂದರು. ಹಾಸನದವರು, ಲಾಸ್ಯಾ ತುಂಬಿದ ಬಸುರಿ. ಕಿರಣ ಎಂದಿನಂತೆ ತಾತನ ವಿಷಯ ಮೊದಲು ಹೇಳಿದ. ಲಾಸ್ಯಾ, ‘ಹೌದಾ ಅಣ್ಣ?’ ಎಂದು, ನಮ್ಮಪ್ಪನಿಗೂ ಊರಿನಲ್ಲಿ ಒಬ್ಬರು ಅಂಥ ಮೆಟ್ಟು ಮಾಡಿಕೊಡುತ್ತಿದ್ದರು, ಒಂದು ಜೊತೆ ಎಷ್ಟೋ ವರ್ಷ ಬರುತ್ತಿತ್ತು ಎಂದಳು. ಜಾರ್ಜ್ ಎಂದರೆ ಮಣ್ಣಿನ ಕೆಲಸ ಮಾಡುವವನು, ರೈತ ಎಂದು ಕೇಳಿ, ‘ಆಲೂಗಡ್ಡೆ ಬೆಳೆಯೋ ನಮ್ಮಪ್ಪನ್ನ ಇನ್ಮೇಲೆ ಜಾರ್ಜ್ ಅಂತ್ಲೇ ಕರೀತೀನಿ’ ಎಂದು ನಕ್ಕಳು. ಇಂದು ಮುದ್ದೆ, ಉಪ್ಸಾರು ಬಡಿಸಿದಳು.

ಕಿರಣ ಮಾತನಾಡುತ್ತಲೇ ಲಾಸ್ಯಾಳ ಕೈಯನ್ನು ನೋಡುತ್ತಿದ್ದ. ತಟ್ಟೆಯ ಹತ್ತಿರ ಬಂದಾಗ ಒಂದು ಕ್ಷಣ ತಡೆಯುತ್ತದೆಯೋ, ಮುದ್ದೆ ಮುರಿಯುವ ಬೆರಳು ಅಳುಕುತ್ತದೆಯೋ ಎಂದು ಕಣ್ಣು ಅಲ್ಲೇ ನೆಟ್ಟಿತ್ತು. ಹಸಿದು ಉಣ್ಣುತ್ತಿರುವ ಬಸುರಿಯ ಕೈಯನ್ನು ಹೀಗೆ ಕಾಯುತ್ತಿರುವುದು ಅವನ ಅರಿವಿಗೆ ಬಂದು, ಬೇರೆಯವರ ಮೇಲಿದ್ದ ಅಸಹ್ಯವೆಲ್ಲ ಆ ಕ್ಷಣ ತನ್ನ ಕಣ್ಣಿನ ಮೇಲೇ ತಿರುಗಿತು. ಈ ಅನುಮಾನವನ್ನೂ ಶ್ರೀಕಂಠನಂಥವರೇ ಕೊಟ್ಟರಲ್ಲ ಎಂದುಕೊಂಡು ತಲೆ ತಗ್ಗಿಸಿ ತನ್ನ ತಟ್ಟೆ ನೋಡಿದ.

‘ಅಕ್ಕ, ಖಾರ ಇನ್ನೂ ಸ್ವಲ್ಪ ಇದ್ಯಾ?’ ಎಂದು ಲಾಸ್ಯಾ ಕೇಳಿದಳು. ಇಂದು ಬಟ್ಟಲನ್ನೇ ಅವಳ ಮುಂದೆ ಸರಿಸಿದಳು.